ಗಿಟಾರಿನ ತಂತಿ, ಕನ್ನಡದ ಮಾತು

ಕ್ರೈಸ್ತ ದೇವಾಲಯದ ಆರಾಧನೆಯಲ್ಲಿ ಗಿಟಾರು ಇರಬೇಕೆ ಬೇಡವೆ ಎಂಬ ಚರ್ಚೆ ನಮ್ಮ ಊರಿಗೆ ಹೊಸದಲ್ಲ. ಹಿರಿಯರು ಬೇಡವೆನ್ನುತ್ತಾರೆ, ಅವರ ಕಿವಿಗೆ ಅದು ಸಿನಿಮಾದ ವಾದ್ಯ, ಕಾಲೇಜು ಸಮಾರಂಭದ ವಾದ್ಯ. ಕಿರಿಯರು ಬೇಕೆನ್ನುತ್ತಾರೆ, ಅವರ ಕೈಗೆ ಒಲಿದಿರುವ ವಾದ್ಯವೇ ಅದು. ಎರಡು ಪಕ್ಷದವರೂ ವಾದ್ಯವನ್ನು ಕುರಿತೇ ವಾದಿಸುತ್ತಾರಲ್ಲದೆ ಅದರ ಜೊತೆಯಲ್ಲಿ ಹಾಡುವ ಹಾಡನ್ನು ಕುರಿತು ಒಂದು ಮಾತನ್ನೂ ಆಡುವುದಿಲ್ಲ. ಹಾಡಿಗೆ ಎರಡು ಕಾಲು. ಒಂದು ಧಾಟಿ, ಇನ್ನೊಂದು ಮಾತು. ಆ ಮಾತು ಕನ್ನಡದ ಮಾತಾಗಿರುವಾಗ ಅದು ಕನ್ನಡದ ನಡಿಗೆಯಲ್ಲಿ ನಡೆಯುತ್ತಿದೆಯೆ, ಕುಂಟುತ್ತಿದೆಯೆ ಎಂದು ಕೇಳುವವರು ಯಾರಾದರೂ ಬೇಕಲ್ಲವೆ? ಸಾಹಿತ್ಯ ವಿಮರ್ಶೆಗೆ ಮೀಸಲಾದ ಈ ಪುಟಗಳಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ನಾನು ಸಂಗೀತ ವಿದ್ವಾಂಸನಲ್ಲ. ಕಾಲೇಜಿನಲ್ಲಿ ಕನ್ನಡ ಛಂದಸ್ಸನ್ನು ಪಾಠ ಹೇಳುವವನು. ನಾನು ವಾಸವಾಗಿರುವ ಕುಂಬಾರಕೊಪ್ಪಲು ಒಂದು ಕಾಲಕ್ಕೆ ಮೈಸೂರಿನ ಹೊರಗಿನ ಹಳ್ಳಿ. ಈಗ ಗೋಕುಲಂ, ಮೇಟಗಳ್ಳಿಗಳ ಮಗ್ಗುಲಲ್ಲಿ ನಗರದೊಳಗೇ ಸೇರಿಹೋಗಿದೆ. ನಮ್ಮ ಬೀದಿಯಲ್ಲಿ ನಾಲ್ಕೈದು ಮಂದಿ ಗೆಳೆಯರ ಒಂದು ಗುಂಪಿದೆ. ಒಬ್ಬ ಕಾರ್ಖಾನೆಯಲ್ಲಿ ದುಡಿಯುವವನು, ಒಬ್ಬಳು ಶಾಲೆಯ ಉಪಾಧ್ಯಾಯಿನಿ, ಉಳಿದವರು ಓದುವ ಹುಡುಗರು. ಶನಿವಾರ ಸಂಜೆ ಒಬ್ಬರ ಮನೆಯ ತಾರಸಿಯ ಮೇಲೆ ಕುಳಿತು ಮರುದಿನದ ಆರಾಧನೆಗೆ ಬೇಕಾದ ಹಾಡುಗಳನ್ನು ಅಭ್ಯಾಸ ಮಾಡುತ್ತಾರೆ. ಅವರಲ್ಲಿರುವುದು ಎರಡು ಗಿಟಾರು; ವಿದ್ಯುತ್ತಿನ ನೆರವು ಬೇಡದ, ಪೊಳ್ಳು ಮರದ ಒಡಲೇ ದನಿಯನ್ನು ಹಿಗ್ಗಿಸುವ ಸಾದಾ ಗಿಟಾರುಗಳು. "ಮೇಷ್ಟ್ರೇ, ಈ ಸಾಲು ಯಾಕೋ ಬಾಯಲ್ಲಿ ನಿಲ್ತಾ ಇಲ್ಲ, ಸ್ವಲ್ಪ ನೋಡಿ" ಎಂದು ಅವರು ಆಗಾಗ ನನ್ನನ್ನು ಕರೆಯುವುದುಂಟು. ಅವರ ಅಭ್ಯಾಸವನ್ನೂ, ಅವರು ನುಡಿಸುವ ಆರಾಧನೆಯನ್ನೂ, ಊರಿನ ಬೇರೆ ಕೆಲವು ಸಭೆಗಳ ಹಾಡುಗಾರಿಕೆಯನ್ನೂ ಕೇಳಿ ಮನಸ್ಸಿನಲ್ಲಿ ಮೂಡಿದ ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಜಗಳವನ್ನು ತೀರಿಸಿಬಿಡೋಣ. ಗಿಟಾರು ಪರದೇಶದ್ದು ಎಂಬುದು ಒಂದು ಆಕ್ಷೇಪಣೆ. ಪರದೇಶದ ವಾದ್ಯವನ್ನು ದೂರವಿಡಬೇಕಾದರೆ ಪಿಟೀಲನ್ನು ಏನು ಮಾಡೋಣ? ಬಾಲುಸ್ವಾಮಿ ದೀಕ್ಷಿತರು (೧೭೮೬–೧೮೫೯) ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಮೇಲೆ ಪಿಟೀಲಿಲ್ಲದ ಕಚೇರಿಯನ್ನು ಊಹಿಸುವುದೇ ಕಷ್ಟವಾಗಿದೆ. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರೇ ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ನೊಟ್ಟುಸ್ವರಗಳೆಂದು ಹೆಸರಾದ ಆ ರಚನೆಗಳಲ್ಲಿ ಒಂದು ಇಂಗ್ಲೆಂಡಿನ ರಾಜಗೀತೆಯ ಧಾಟಿಯಲ್ಲೇ ಇದೆ. ನಮ್ಮ ತಿರುಮಕೂಡಲಿನ ಚೌಡಯ್ಯನವರು (೧೮೯೫–೧೯೬೭) ನಾಲ್ಕು ತಂತಿಯ ಪಿಟೀಲಿನ ದನಿ ಸಾಲದೆಂದು ಏಳು ತಂತಿ ಕಟ್ಟಿ ನುಡಿಸಿದರು. ಹಾರ್ಮೋನಿಯಮ್ಮೂ ಯುರೋಪಿನಿಂದ ಬಂದದ್ದೇ. ರೇಡಿಯೋ ನಿಲಯಗಳು ೧೯೪೦ರಲ್ಲಿ ಅದಕ್ಕೆ ಬಾಗಿಲು ಮುಚ್ಚಿ ಮೂರು ದಶಕ ಹೊರಗಿಟ್ಟರೂ ಭಜನಮಂದಿರಗಳಿಂದಾಗಲಿ ನಾಟಕದ ಕಂಪನಿಗಳಿಂದಾಗಲಿ ಅದನ್ನು ಹೊರಗೆ ಹಾಕಲಾಗಲಿಲ್ಲ. ಕರ್ನಾಟಕ ಸಂಗೀತದ ಬ್ಯಾಂಡನ್ನೂ ಪಾಶ್ಚಾತ್ಯ ಸಂಗೀತದ ಬ್ಯಾಂಡನ್ನೂ ಒಂದೇ ಅರಮನೆಯಲ್ಲಿ ಸಾಕಿದ ಊರು ಮೈಸೂರು. ಇಲ್ಲಿ ನಿಂತು ವಾದ್ಯದ ಜಾತಕ ಕೇಳುವುದು ಶೋಭಿಸದು.

ಎರಡನೆಯ ಆಕ್ಷೇಪಣೆ, ಗಿಟಾರು ಲೌಕಿಕದ ವಾದ್ಯ, ದೇವರ ಮುಂದೆ ತಕ್ಕದ್ದಲ್ಲ ಎಂಬುದು. ಕ್ರಿಸ್‌ಮಸ್ ರಾತ್ರಿ ಜಗತ್ತಿನ ಮೂಲೆಮೂಲೆಯಲ್ಲೂ ಹಾಡುವ 'ಸೈಲೆಂಟ್ ನೈಟ್' ಗೀತೆಯನ್ನು ನೆನೆದರೆ ಈ ಆಕ್ಷೇಪಣೆಗೆ ಉತ್ತರ ದೊರೆಯುತ್ತದೆ. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ ೧೮೧೮ರ ಡಿಸೆಂಬರ್ ೨೪ರಂದು ಅದನ್ನು ಮೊದಲ ಬಾರಿಗೆ ಹಾಡಿದರು. ಪದ್ಯ ಬರೆದವನು ಪಾದ್ರಿ ಜೋಸೆಫ್ ಮೋರ್. ಧಾಟಿ ಕಟ್ಟಿದವನು ಶಾಲಾ ಉಪಾಧ್ಯಾಯ ಫ್ರಾನ್ಸ್ ಗ್ರೂಬರ್. ಇಬ್ಬರೇ ನಿಂತು ಹಾಡಿದ ಆ ಹಾಡಿಗೆ ಅಂದು ಒತ್ತಾಸೆಯಾಗಿದ್ದುದು ಒಂದು ಗಿಟಾರು. ಅಂದಮೇಲೆ, ಇಬ್ಬರು ಗೆಳೆಯರು ಗಿಟಾರು ಹಿಡಿದು ದೇವಾಲಯದಲ್ಲಿ ಹಾಡುವುದು ಇಂದಿನ ಹುಡುಗರು ಹೂಡಿದ ಹೊಸ ಆಟವೇನೂ ಅಲ್ಲ.

ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರ್ ೪ರಂದು ಹೊರಡಿಸಿದ ಆರಾಧನಾ ಶಾಸನ ಆರ್ಗನ್ ವಾದ್ಯಕ್ಕೆ ಹಿರಿಮೆ ಕೊಟ್ಟು, ಪವಿತ್ರ ಕಾರ್ಯಕ್ಕೆ ತಕ್ಕಂತಿರುವ ಅಥವಾ ತಕ್ಕಂತೆ ಮಾಡಿಕೊಳ್ಳಬಹುದಾದ ಬೇರೆ ವಾದ್ಯಗಳಿಗೂ ಎಡೆಮಾಡಿಕೊಟ್ಟಿತು. ೧೯೬೭ರ ಸಂಗೀತ ನಿರೂಪ ಮಾತ್ರ, ಲೌಕಿಕ ಸಂಗೀತಕ್ಕಷ್ಟೇ ತಕ್ಕವೆಂದು ಜನ ಭಾವಿಸುವ ವಾದ್ಯಗಳನ್ನು ದೂರವಿಡಬೇಕೆಂದಿತು. ಈ ಎರಡು ಮಾತನ್ನೂ ಒಟ್ಟಿಗೆ ಓದಿದವರಿಗೆ ತೀರ್ಪು ವಾದ್ಯದ ಮರದಲ್ಲಿಲ್ಲ, ಕೇಳುವ ಜನರ ಭಾವನೆಯಲ್ಲಿದೆ ಎಂಬುದು ಹೊಳೆಯುತ್ತದೆ. ಆ ಭಾವನೆ ಕಾಲದೊಡನೆ ಬದಲಾಗುತ್ತದೆ. ಅದು ಬದಲಾಗುವುದು ವಾದದಿಂದಲ್ಲ. ವಾದ್ಯ ಹಿಡಿದವರು ಹಾಡಿಗೆ ತೋರುವ ಗೌರವದಿಂದ.

ಗಿಟಾರಿನವರನ್ನು ಪರೀಕ್ಷಿಸಬೇಕಾದದ್ದು ಈ ಗೌರವದ ಒರೆಗಲ್ಲಿನ ಮೇಲೆ. ಅದಕ್ಕೆ ಮುಂಚೆ ಕನ್ನಡ ಕ್ರೈಸ್ತ ಗೀತೆಯ ಹಿನ್ನೆಲೆಯನ್ನು ಒಂದಿಷ್ಟು ತಿಳಿಯಬೇಕು. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರ ಸಭೆಗಳಲ್ಲಿ ಜರ್ಮನ್ ಧಾಟಿಗಳಿಗೆ ಕನ್ನಡದ ಮಾತನ್ನು ಜೋಡಿಸಿ ಹಾಡುವ ಪದ್ಧತಿ ಬೆಳೆಯಿತು. ಧಾಟಿ ಮೊದಲೇ ಸಿದ್ಧವಾಗಿತ್ತು. ಮಾತು ಅದರ ಅಳತೆಗೆ ತಲೆಬಾಗಬೇಕಾಯಿತು. ಆದರೆ ಅದೇ ಮಿಷನ್ನಿನಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಮೋಗ್ಲಿಂಗ್ ಹರಿದಾಸರ ಪದಗಳನ್ನು ಕೂಡಿಸಿ ಅಚ್ಚು ಮಾಡಿಸಿದರು. ಕಿಟ್ಟೆಲ್ ಅವರು ೧೮೬೨ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸುಗಳಲ್ಲಿಯೇ ಹೇಳಿದರು. ೧೮೯೪ರ ನಿಘಂಟಿನಿಂದ ಅವರ ಹೆಸರನ್ನು ನಾವೆಲ್ಲ ಬಲ್ಲೆವು; ಆದರೆ ೧೮೭೫ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ಕನ್ನಡದಲ್ಲಿ ಪ್ರಾರ್ಥಿಸಬೇಕಾದರೆ ಕನ್ನಡದ ಗಣಗಳನ್ನು ಬಲ್ಲವರಾಗಬೇಕೆಂಬುದನ್ನು ಆ ಜರ್ಮನ್ ಪಾದ್ರಿ ತಮ್ಮ ಕೃತಿಯಿಂದಲೇ ತೋರಿಸಿದರು. ಅದೇ ಪರಂಪರೆಯ ಉತ್ತಂಗಿ ಚೆನ್ನಪ್ಪನವರು ಕ್ರೈಸ್ತ ಸಭೆಯ ಬೋಧಕರಾಗಿದ್ದುಕೊಂಡು ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿಗಳಿಂದ ಕೂಡಿಸಿ ೧೯೨೪ರಲ್ಲಿ ಹೊರತಂದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕುಂಬಾರಗಿತ್ತಿಯ ಮಗನೆಂದು ಜನ ನಂಬಿರುವ ಸರ್ವಜ್ಞನ ತ್ರಿಪದಿ ಪಾದ್ರಿಯೊಬ್ಬರ ಉಸಿರಾಗಿತ್ತೆಂಬುದು ಕನ್ನಡದ ಭಾಗ್ಯ.

ಈ ಸಾಲಿನಲ್ಲಿ ನಾನು ಎಲ್ಲಕ್ಕಿಂತ ಮಿಗಿಲಾಗಿ ಎಣಿಸುವ ಉದಾಹರಣೆ ದೇವಾಲಯದಿಂದ ಬಂದದ್ದಲ್ಲ, ಮಹಾರಾಜಾ ಕಾಲೇಜಿನಿಂದ ಬಂದದ್ದು. ಮುಂದೆ ಕಾರ್ಡಿನಲ್ ಆದ ನ್ಯೂಮನ್ ೧೮೩೩ರಲ್ಲಿ ಬರೆದ, ಗಾಂಧೀಜಿಯವರಿಗೂ ಪ್ರಿಯವಾಗಿದ್ದ 'ಲೀಡ್ ಕೈಂಡ್ಲಿ ಲೈಟ್' ಎಂಬ ಪ್ರಾರ್ಥನೆ ಇಂಗ್ಲಿಷಿನ ಸಭೆಗಳಲ್ಲಿ ಮನೆಮಾತಾದ ಹಾಡು. ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಸಂಗ್ರಹದಲ್ಲಿ (೧೯೨೬) ಅದು 'ಕರುಣಾಳು ಬಾ ಬೆಳಕೆ' ಆಯಿತು. ನಮ್ಮ ಶಾಲೆಗಳಲ್ಲಿ ಅದನ್ನು ಹಾಡಿ ಬೆಳೆದ ಎಷ್ಟೋ ಮಂದಿಗೆ ಅದು ಕ್ರೈಸ್ತ ಗೀತೆಯೊಂದರ ಅನುವಾದವೆಂಬುದೇ ತಿಳಿಯದು. ತಿಳಿಯದಿರುವುದೇ ಅನುವಾದದ ಗೆಲವು. ಶ್ರೀಯವರು ಮಾಡಿದ್ದೇನು? ಮೂಲದ ಉದ್ದ ಗಿಡ್ಡ ಸಾಲುಗಳ ಏರಿಳಿತವನ್ನು ಉಳಿಸಿಕೊಂಡರು. ಮೂಲದ ನಡಿಗೆಯನ್ನು ಮಾತ್ರ ಬಿಟ್ಟುಕೊಟ್ಟರು. ಅದರ ಬದಲು ಐದೈದು ಮಾತ್ರೆಯ ಗಣಗಳನ್ನು ಹಾಸಿದರು. 'ಕರುಣಾಳು' ಐದು ಮಾತ್ರೆ. 'ಬಾ ಬೆಳಕೆ' ಐದು ಮಾತ್ರೆ. ಇಂಗ್ಲಿಷಿನ ಧಾಟಿಗೆ ಈ ಪದ್ಯ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅದು ತನ್ನ ಧಾಟಿಯನ್ನು ತಾನೇ ಹುಡುಕಿಕೊಂಡಿತು.

ಈಗ ಗಿಟಾರಿನ ಗೆಳೆಯರ ಹಾಡುಗಳಿಗೆ ಬರೋಣ. ಇವರು ಹಾಡುವ ಕನ್ನಡ ಗೀತೆಗಳಲ್ಲಿ ಬಹುಪಾಲು ಇಂಗ್ಲಿಷಿನ ಧಾಟಿಗೆ ಹೊಲಿದ ಮಾತುಗಳು. ಅಲ್ಲಿ ಮೂರು ಬಗೆಯ ತೊಡಕು ಕಾಣುತ್ತದೆ.

ಮೊದಲನೆಯದು ಹ್ರಸ್ವ ದೀರ್ಘಗಳ ತೊಡಕು. ಕನ್ನಡದಲ್ಲಿ ಸ್ವರದ ಉದ್ದವೆಂಬುದು ಅಲಂಕಾರವಲ್ಲ, ಅರ್ಥ. ಬಲ ಬೇರೆ, ಬಾಲ ಬೇರೆ. ವರ ಬೇರೆ, ವಾರ ಬೇರೆ. ಮನ ಬೇರೆ, ಮಾನ ಬೇರೆ. ದೇವರಲ್ಲಿ ಬಲವನ್ನು ಬೇಡುವ ಸಾಲಿನಲ್ಲಿ ಧಾಟಿ ಮೊದಲ ಅಕ್ಷರವನ್ನು ಎಳೆದುಬಿಟ್ಟರೆ ಭಕ್ತ ಬಾಲವನ್ನು ಬೇಡಿದಂತಾಗುತ್ತದೆ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಗಿಟಾರಿನ ಬಲವಾದ ಮೀಟು 'ದೇವ' ಶಬ್ದದ ಮೊದಲಕ್ಷರದ ಮೇಲೆ ಬಿದ್ದು, ಹಾಡುವವನು ಅವಸರದಲ್ಲಿ ಏಕಾರವನ್ನು ಮೊಟಕು ಮಾಡಿ ವಕಾರವನ್ನು ಒತ್ತಿದನೋ, ದೇವ ದೆವ್ವವಾಗುತ್ತಾನೆ! ನಗುವ ಮಾತೆಂದು ವಾಚಕರು ತಳ್ಳಿಹಾಕಬಾರದು. ಹಿಂದಿನ ಬೆಂಚಿನಲ್ಲಿ ಕುಳಿತ ಮಕ್ಕಳು ನಕ್ಕದ್ದನ್ನು ನಾನೇ ಕಂಡಿದ್ದೇನೆ.

ಇಲ್ಲಿ ಬಲ್ಲವರು ಒಂದು ಪ್ರಶ್ನೆ ಕೇಳಬಹುದು. ನಮ್ಮ ಸಂಗೀತದಲ್ಲೂ ಹ್ರಸ್ವವನ್ನು ಎಳೆಯುವುದಿಲ್ಲವೆ? ಎಳೆಯುತ್ತೇವೆ. ಆದರೆ ಎಳೆಯುವುದಕ್ಕೂ ನಮ್ಮಲ್ಲಿ ಒಂದು ಮರ್ಯಾದೆಯಿದೆ. ತ್ರಿಪದಿ, ಸಾಂಗತ್ಯಗಳಂಥ ಅಂಶಗಣದ ಮಟ್ಟುಗಳಲ್ಲಿ ಹಾಡುಗಾರ್ತಿ ಅಕ್ಷರವನ್ನು ಹಿಗ್ಗಿಸುವುದಕ್ಕೆ ಛಂದಸ್ಸೇ ಜಾಗ ಬಿಟ್ಟಿರುತ್ತದೆ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕೆಂಬುದನ್ನು ಕಿವಿಯಿಂದಲೇ ಬಲ್ಲಳು. ಕೀರ್ತನೆಯಲ್ಲಾದರೆ ಸಾಲನ್ನು ಒಮ್ಮೆ ನೇರವಾಗಿ ಹಾಡಿ, ಮಾತು ಕೇಳುವವನ ಮನಸ್ಸಿನಲ್ಲಿ ಕುಳಿತ ಮೇಲೆ ಸಂಗತಿಗಳನ್ನು ಹಾಕುವುದು ಒಳ್ಳೆಯ ಗಾಯಕನ ಕ್ರಮ. ಎಳೆಯುವುದು ದೋಷವಲ್ಲ, ಕೇಳುವವನಿಗೆ ಪದದ ಗುರುತು ಸಿಕ್ಕುವುದಕ್ಕೆ ಮೊದಲೇ, ಪದದ ನಡುಮಧ್ಯದಲ್ಲಿ ಎಳೆಯುವುದು ದೋಷ.

ಎರಡನೆಯದು ಪೆಟ್ಟು ಬೀಳುವ ಜಾಗದ ತೊಡಕು. ಇಂಗ್ಲಿಷ್ ಪದ್ಯದ ಸಾಲು ಅನೇಕ ವೇಳೆ ಹಗುರವಾದ ಒಂದು ಅಕ್ಷರದಿಂದ ಹೊರಟು ಎರಡನೆಯ ಅಕ್ಷರದ ಮೇಲೆ ಕಾಲೂರುತ್ತದೆ. ಕನ್ನಡದ ಪದವಾದರೋ ಮೊದಲ ಅಕ್ಷರದ ಮೇಲೆಯೇ ಕಾಲೂರಿ ನಡೆಯುವುದು. ಜಾನ್ ನ್ಯೂಟನ್ ೧೭೭೨ರಲ್ಲಿ ಬರೆದ 'ಅಮೇಜಿಂಗ್ ಗ್ರೇಸ್' ಎಂಬ ಸುಪ್ರಸಿದ್ಧ ಗೀತೆಯ ಧಾಟಿಯನ್ನು ನೋಡಿ. ಅದು ಮೂರರ ನಡೆ. ಮೊದಲ ಅಕ್ಷರ ತಾಳದ ಪೆಟ್ಟಿಗೆ ಮುಂಚೆ ಬರುತ್ತದೆ, ಎರಡನೆಯದು ಪೆಟ್ಟಿನ ಮೇಲೆ ಕುಳಿತು ಎರಡು ಎಣಿಕೆ ನಿಲ್ಲುತ್ತದೆ. ಆ ಧಾಟಿಗೆ 'ಕರುಣೆ' ಎಂಬ ಮಾತನ್ನು ಹೊಂದಿಸಿ ಹಾಡಿನೋಡಿ. 'ಕ' ಹೊರಗೆ ಉಳಿಯುತ್ತದೆ, 'ರು' ಉಬ್ಬಿ 'ರೂ' ಆಗುತ್ತದೆ. 'ಕರೂಣೆ' ಎಂಬ, ಯಾವ ನಿಘಂಟಿನಲ್ಲೂ ಇಲ್ಲದ ವಸ್ತು ಹುಟ್ಟುತ್ತದೆ. ಹಾಗಾದರೆ ಆ ಧಾಟಿಯನ್ನೇ ಬಿಟ್ಟುಬಿಡಬೇಕೆ? ಬೇಕಾಗಿಲ್ಲ. ಪೆಟ್ಟಿಗೆ ಮುಂಚೆ ಬರುವ ಇಂಥ ಅಕ್ಷರವನ್ನು ಹೊಸಗನ್ನಡದ ಛಂದಸ್ಸು ಬಲ್ಲದು. ಅದಕ್ಕೆ ಪದ್ಮಗಣವೆಂದು ಹೆಸರು. ಅಲ್ಲಿ ಒಂದು ಸಂಬೋಧನೆಯನ್ನು ಇಟ್ಟು, 'ಓ' ಎಂದು ಹಗುರವಾಗಿ ತೆಗೆದು, 'ಪ್ರೇಮರೂಪ' ಎಂದು ಪೆಟ್ಟಿನ ಮೇಲೆ ಇಳಿದರೆ ದೀರ್ಘವು ದೀರ್ಘದ ಜಾಗದಲ್ಲಿ, ಹ್ರಸ್ವವು ಹ್ರಸ್ವದ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಗೆಳೆಯರಿಗೆ ಇದನ್ನು ತೋರಿಸಿದಾಗ ಗಿಟಾರು ಹಿಡಿದ ಹುಡುಗ ಎರಡು ಸಲ ನುಡಿಸಿ ನೋಡಿ, "ಈಗ ಕೈ ತಾನಾಗಿಯೇ ಹೋಗ್ತದೆ ಮೇಷ್ಟ್ರೇ" ಎಂದ. ಮಾತು ಸರಿಯಾದರೆ ಕೈ ಸರಿಯಾಗುತ್ತದೆಂಬ ಈ ಅನುಭವ ಯಾವ ಲಕ್ಷಣಗ್ರಂಥಕ್ಕೂ ಕಡಮೆಯದಲ್ಲ.

ಮೂರನೆಯದು ನಾಲ್ಕರ ಮೋಹ. ಗಿಟಾರು ಕಲಿಯುವವನ ಬಲಗೈಗೆ ಮೊದಲು ಬರುವುದು ನಾಲ್ಕರ ಎಣಿಕೆ, ಆಮೇಲೆ ಮೂರರದು. ನಾಲ್ಕು ಮಾತ್ರೆಯ ಕನ್ನಡ ಗಣಗಳು ಅದಕ್ಕೆ ಸುಲಭವಾಗಿ ಹೊಂದುತ್ತವೆ. ಆದರೆ ಕನ್ನಡದ ಐಸಿರಿ ನಾಲ್ಕರಲ್ಲೇ ಮುಗಿಯುವುದಿಲ್ಲ. ಐದರ ನಡೆಯಿದೆ, ಮೂರು ನಾಲ್ಕು ಕೂಡಿದ ಏಳರ ನಡೆಯಿದೆ. ಕುಮಾರವ್ಯಾಸನ ಭಾರತವನ್ನು ಹೊತ್ತು ತಂದ ಭಾಮಿನಿಯ ನಡೆ ಈ ಏಳರದು. ಪಾಠಕ್ಕಾಗಿ ನಾನು ಕಟ್ಟಿಕೊಂಡ ಒಂದು ಸಾಲು ಹೀಗಿದೆ: 'ದಾರಿ ತಪ್ಪಿದ ಕುರಿಯ ಹುಡುಕಿದ'. ಮೂರು, ನಾಲ್ಕು, ಮೂರು, ನಾಲ್ಕು. ಇದನ್ನು ನಾಲ್ಕರ ಮೀಟಿಗೆ ಕಟ್ಟಿಹಾಕಿದರೆ ಏಳು ಮಾತ್ರೆಯನ್ನು ಎಂಟು ಮಾಡಬೇಕಾಗುತ್ತದೆ. ಉಳಿದ ಒಂದು ಮಾತ್ರೆಯನ್ನು ತುಂಬುವುದಕ್ಕೆ 'ದಾರೀ' ಎಂದೋ 'ಕುರಿಯಾ' ಎಂದೋ ಎಳೆಯಬೇಕಾಗುತ್ತದೆ. ಬಲಗೈಯನ್ನೇ 'ತಕಿಟ ತಕದಿಮಿ' ಎಂದು ನಡೆಸಿದರೆ ಎಳೆಯುವ ಪಾಡೇ ಇಲ್ಲ. ಗಿಟಾರಿಗೆ ಇದು ಅಸಾಧ್ಯವಲ್ಲ. ಆರು ತಂತಿಗೆ ಯಾವ ತಾಳವಾದರೂ ಒಂದೇ. ಕಲಿಯದಿರುವುದು ಕೈ, ವಾದ್ಯವಲ್ಲ.

ಧಾಟಿಯ ತೊಡಕುಗಳಾದ ಮೇಲೆ ಮಾತಿನ ತೊಡಕುಗಳನ್ನೂ ಹೇಳಬೇಕು. 'ನೀನೇ ನನ್ನ ಎಲ್ಲಾ' ಎಂಬಂಥ ಸಾಲುಗಳನ್ನು ಕೇಳುತ್ತೇವೆ. ಇಂಗ್ಲಿಷ್ ಬಲ್ಲವನಿಗೆ ಇದರ ಅರ್ಥ ತಿಳಿದೀತು. ಕನ್ನಡ ಮಾತ್ರ ಬಲ್ಲ ಅಜ್ಜಿಗೆ 'ನನ್ನ ಎಲ್ಲಾ ಏನು?' ಎಂಬ ಪ್ರಶ್ನೆ ಉಳಿಯುತ್ತದೆ. 'ನನಗೆಲ್ಲ ನೀನೇ' ಎಂದರೆ ಸಾಕಾಗಿತ್ತು. ಒಂದು ಹಾಡಿನಲ್ಲಿ ದೇವರನ್ನು ಮೊದಲ ಚರಣದಲ್ಲಿ 'ನೀನು' ಎಂದೂ ಎರಡನೆಯದರಲ್ಲಿ 'ನೀವು' ಎಂದೂ ಕರೆದದ್ದನ್ನು ಕೇಳಿದೆ. ನಮ್ಮ ಶರಣರೂ ದಾಸರೂ ದೇವರನ್ನು ಏಕವಚನದಲ್ಲಿ ಕರೆದರು. ಅದು ಅಗೌರವವಲ್ಲ, ಅತಿ ಸಲಿಗೆಯ ಪ್ರೀತಿ. ಬಹುವಚನ ಬೇಕೆನ್ನುವವರು ಬಹುವಚನವನ್ನೇ ಬಳಸಲಿ; ಒಂದೇ ಹಾಡಿನಲ್ಲಿ ದೇವರನ್ನು ಹತ್ತಿರಕ್ಕೂ ದೂರಕ್ಕೂ ಓಡಾಡಿಸುವುದು ಬೇಡ. ಇನ್ನು ಪ್ರಾಸ. 'ಹಾಡುವೆ', 'ಹೊಗಳುವೆ', 'ಸ್ತುತಿಸುವೆ' ಎಂದು ಸಾಲಿನ ಕೊನೆಯಲ್ಲಿ ಕ್ರಿಯಾಪದಗಳನ್ನು ಸಾಲಾಗಿ ನಿಲ್ಲಿಸಿದರೆ ಅಂತ್ಯಪ್ರಾಸ ತಾನಾಗಿ ಬರುತ್ತದೆ. ಅದು ವ್ಯಾಕರಣ ಪುಕ್ಕಟೆಯಾಗಿ ಕೊಟ್ಟ ಪ್ರಾಸ. ಕವಿ ದುಡಿದು ತಂದದ್ದಲ್ಲ. ಮೂರು ಶಬ್ದಕ್ಕೂ ಹೆಚ್ಚು ಕಡಮೆ ಒಂದೇ ಅರ್ಥವಿರುವಾಗ ಹಾಡು ನಿಂತಲ್ಲೇ ಕಾಲು ಹಾಕುತ್ತಿರುತ್ತದೆ, ಮುಂದೆ ಸಾಗುವುದಿಲ್ಲ.

ಇಷ್ಟು ದೋಷಗಳನ್ನು ಎಣಿಸಿದ್ದರಿಂದ ನಾನು ಗಿಟಾರಿನವರ ವಿರೋಧಿಯೆಂದು ಯಾರೂ ಭಾವಿಸಬಾರದು. ಅವರು ತಂದುಕೊಟ್ಟಿರುವ ಲಾಭ ದೊಡ್ಡದು. ಆರ್ಗನ್ ನುಡಿಸುವವನು ಒಬ್ಬ. ಅವನು ಜನಕ್ಕೆ ಬೆನ್ನುಮಾಡಿ ಕುಳಿತಿರುವುದೂ ಉಂಟು. ಗಿಟಾರು ಹಿಡಿದವನು ಜನರ ಮುಖ ನೋಡಿಕೊಂಡು ನಿಂತು ತಾನೂ ಹಾಡುತ್ತಾನೆ. ಅವನ ಜೊತೆ ಗೆಳೆಯರಿರುತ್ತಾರೆ. ಗೆಳೆಯರು ಸೇರಿ ಹಾಡುವುದನ್ನು ಕಂಡಾಗ ಕೇಳುವವರಿಗೂ ಬಾಯಿ ತೆರೆಯುವ ಧೈರ್ಯ ಬರುತ್ತದೆ. ನಮ್ಮ ಭಜನೆಯ ಮೇಳದ ಗುಟ್ಟೂ ಇದೇ ಅಲ್ಲವೆ? ಅಲ್ಲಿ ಗಾಯಕನೂ ಶ್ರೋತೃವೂ ಬೇರೆ ಬೇರೆಯಲ್ಲ. ಒಂದು ಮದುವೆಯ ಮನೆಗೋ ರೋಗಿಯ ಹಾಸಿಗೆಯ ಬಳಿಗೋ ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ವಾದ್ಯ ಅದು. ಕನ್ನಡದ ಬೇರೆ ವೇದಿಕೆಗಳಲ್ಲಿಯೂ ಅದು ಅಪರಿಚಿತವಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ತ್ವಪದವನ್ನು ಗಿಟಾರಿನೊಡನೆ ಹಾಡಿ ೨೦೦೮ರಲ್ಲಿ ಹೊರತಂದ ಧ್ವನಿಮುದ್ರಿಕೆಯನ್ನು ಕೇಳಿದವರು, ಪದ ಗಟ್ಟಿಯಾಗಿದ್ದರೆ ವಾದ್ಯ ಅದನ್ನು ಅಲುಗಿಸಲಾರದೆಂಬುದನ್ನು ಒಪ್ಪುತ್ತಾರೆ.

ನಮ್ಮ ಬೀದಿಯ ಗೆಳೆಯರ ಒಂದು ಪ್ರಯತ್ನವನ್ನು ಇಲ್ಲಿ ಮೆಚ್ಚಿ ಹೇಳಬೇಕು. ಕಳೆದುಹೋದ ಕುರಿಯ ಸಾಮತಿ ಲೂಕನ ಸುವಾರ್ತೆಯಲ್ಲಿದೆ. ನೂರರಲ್ಲಿ ಒಂದು ತಪ್ಪಿಸಿಕೊಂಡರೆ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಅರಸಿ ಹೋದ ಕುರುಬನ ಕಥೆ. ಉಪಾಧ್ಯಾಯಿನಿ ಅದನ್ನು ಏಳರ ನಡೆಯಲ್ಲಿ ನಾಲ್ಕು ಚರಣದ ಹಾಡಾಗಿ ಬರೆದರು. ಧಾಟಿಯನ್ನು ಗೆಳೆಯರು ಕೂಡಿ ಕಟ್ಟಿದರು. ಮೊದಲ ಚರಣಕ್ಕೆ ಒಂದೇ ಗಿಟಾರು, ಬೆರಳಿನಿಂದ ಒಂದೊಂದೇ ತಂತಿಯನ್ನು ಬಿಡಿಸಿ ನುಡಿಸಿದ್ದು. ಕುರುಬ ಹುಡುಕಲು ಹೊರಡುವಲ್ಲಿ ಎರಡನೆಯದು ಸೇರಿತು. ಕುರಿ ಸಿಕ್ಕಿದ ಕಡೆಯ ಚರಣದಲ್ಲಿ ಎರಡನ್ನೂ ನಿಲ್ಲಿಸಿ ಬರಿಯ ಕಂಠದಲ್ಲಿ ಹಾಡಿದರು. ಆರಾಧನೆಯಲ್ಲಿ ಅದನ್ನು ಹಾಡಿದ ದಿನ ನಾನೂ ಹೋಗಿದ್ದೆ. ಮೂರನೆಯ ಚರಣದ ಹೊತ್ತಿಗೆ ಹಿರಿಯ ಹೆಂಗಸರು, ಹಾಡಿನ ಹಾಳೆಯನ್ನು ನೋಡದೆಯೆ, ಪಲ್ಲವಿಯನ್ನು ಹಿಡಿದುಕೊಂಡಿದ್ದರು. ಆ ನಡೆ ಅವರ ಕಿವಿಗೆ ಹೊಸದಾಗಿರಲಿಲ್ಲ. ಗಮಕದಲ್ಲಿ, ಬಯಲಾಟದಲ್ಲಿ ಅವರು ಅದನ್ನು ಎಂದೋ ಕೇಳಿದ್ದರು. ಗಿಟಾರಿಗೆ ಬೇಡವೆನ್ನುತ್ತಿದ್ದವರೇ ಅಂದು ಗಿಟಾರಿನ ಜೊತೆ ಹಾಡಿದರು. ಹಾಡಿನಲ್ಲಿ ದೋಷವಿಲ್ಲವೆಂದಲ್ಲ, ಎರಡನೆಯ ಚರಣದಲ್ಲಿ ಸಂಸ್ಕೃತ ಸಮಾಸವೊಂದು ಬಂಡೆಯಂತೆ ಅಡ್ಡ ಕುಳಿತಿದೆ, ಪಲ್ಲವಿಯ ಆವೃತ್ತಿ ಅತಿ ಎನ್ನಿಸುತ್ತದೆ. ಆದರೂ ಅದು ಕನ್ನಡದ ಹಾಡು.

ಎಲ್ಲ ಕಡೆಯೂ ಹೀಗೆ ನಡೆಯುವುದಿಲ್ಲ. ಇನ್ನೊಂದು ಸಭೆಯಲ್ಲಿ ಮೂರು ಗಿಟಾರುಗಳು ಒಂದೇ ಸ್ವರಮೇಳವನ್ನು ಒಂದೇ ರಭಸದಲ್ಲಿ ಬಾರಿಸಿ, ಧ್ವನಿವರ್ಧಕದ ಬಲದಿಂದ ವ್ಯಂಜನಗಳನ್ನೆಲ್ಲ ನುಂಗಿಹಾಕಿದ್ದನ್ನು ಕೇಳಿದ್ದೇನೆ. ಉಳಿದದ್ದು ಸ್ವರಗಳ ಗೋಷ್ಠಿ ಮಾತ್ರ. ಹಾಡಿನ ಭಾಷೆ ಯಾವುದೆಂದು ಗುರುತಿಸುವುದೂ ಕಷ್ಟವಾಗಿತ್ತು. ಒಂದು ಗಿಟಾರು ಸಾಕಾದಲ್ಲಿ ಮೂರನ್ನು ಇಡುವುದು ಉಪ್ಪು ಸಾಕಾದ ಸಾರಿಗೆ ಮತ್ತೆರಡು ಹಿಡಿ ಉಪ್ಪು ಸುರಿದಂತೆ.

ಇದೆಲ್ಲ ಛಂದಸ್ಸಿನ ಮೇಷ್ಟರ ಗೊಣಗಾಟ, ಭಕ್ತಿಯಿದ್ದರೆ ಸಾಕು ಎಂದು ಹೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ. ಅಭ್ಯಾಸದ ನಡುವೆ ಒಂದು ದಿನ ನಮ್ಮ ಗೆಳೆಯರಲ್ಲೇ ಒಬ್ಬ, "ಕನ್ನಡದಲ್ಲಿ ಹಾಡಿದರೆ ನಾಲಿಗೆ ತೊಡರ್ತದೆ, ಇಂಗ್ಲಿಷಿನಲ್ಲೇ ಹಾಡಿಬಿಡೋಣ" ಎಂದ. ಅವನು ಕನ್ನಡದ ದ್ವೇಷಿಯಲ್ಲ. ಮನೆಯಲ್ಲಿ ಆಡುವುದು ಕನ್ನಡವನ್ನೇ. ಅವನ ನಾಲಿಗೆ ತೊಡರಿದ್ದು ಕನ್ನಡದಿಂದಲ್ಲ, ಕನ್ನಡವನ್ನು ತಪ್ಪು ಅಳತೆಗೆ ಕತ್ತರಿಸಿದ್ದರಿಂದ. ಆದರೆ ಅವನಿಗೆ ಹಾಗೆ ತೋರಲಿಲ್ಲ. ಕನ್ನಡವೇ ಹಾಡಿಗೆ ಬಾರದ ಭಾಷೆ ಎಂದು ತೋರಿತು. ಕೆಟ್ಟ ಅನುವಾದ ಮಾಡುವ ಅನ್ಯಾಯ ಇದು. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆ ೧೯೬೦ರ ದಶಕದಲ್ಲಿ ದೇಶಭಾಷೆಗಳಿಗೆ ಬಂದಿತು. ಕನ್ನಡದಲ್ಲಿ ಆರಾಧನೆ ಬೇಕೆಂದು ಬೆಂಗಳೂರಿನ ಕನ್ನಡ ಕ್ರೈಸ್ತರು ಬಹುಕಾಲ ಒತ್ತಾಯಿಸಬೇಕಾಯಿತು. ಹಾಗೆ ಕಷ್ಟಪಟ್ಟು ಪಡೆದ ಜಾಗವನ್ನು, ಯಾರೂ ಕಸಿದುಕೊಳ್ಳದಿದ್ದರೂ, ತೊಡರುವ ನಾಲಿಗೆಯ ಮಕ್ಕಳು ತಾವೇ ಬಿಟ್ಟು ಎದ್ದುಹೋಗುವ ಅಪಾಯವಿದೆ. ಮನುಷ್ಯ ಲೆಕ್ಕ ಮಾಡುವ ಭಾಷೆ, ಪ್ರಾರ್ಥಿಸುವ ಭಾಷೆ, ಅಳುವ ಭಾಷೆ ಒಂದೇ ಆಗಿರುವವರೆಗೆ ಅದಕ್ಕೆ ಸಾವಿಲ್ಲ. ಪ್ರಾರ್ಥನೆ ಬೇರೆ ಭಾಷೆಗೆ ಹೋದರೆ ಮನೆಯ ಭಾಷೆ ಬರಿಯ ಅಡಿಗೆಮನೆಯ ಭಾಷೆಯಾಗಿ ಉಳಿಯುತ್ತದೆ.

ಆದ್ದರಿಂದ ದೇವಾಲಯದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಗಿಟಾರನ್ನು ಬಾಗಿಲಲ್ಲಿ ತಡೆಯಬೇಡಿ. ಒಳಗೆ ಕರೆದು, ಹಾಡಿನ ಸಾಹಿತ್ಯವನ್ನು ಮೊದಲು ಓದಿಸಿ ಕೇಳಿ. ಓದುವಾಗ ಕನ್ನಡದಂತೆ ಕೇಳಿಸದ ಹಾಡು ಹಾಡುವಾಗ ಕನ್ನಡವಾಗುವುದಿಲ್ಲ. ಗೆಳೆಯರಲ್ಲಿಯೂ ಒಂದು ಮಾತು. ತಂತಿಗೆ ಕೈಹಾಕುವ ಮುಂಚೆ ಸಾಲನ್ನು ಹತ್ತು ಸಲ ಬಾಯಲ್ಲಿ ಆಡಿ. ಅದರ ಹ್ರಸ್ವ ದೀರ್ಘಗಳು ತಾವೇ ಒಂದು ನಡೆಯನ್ನು ತೋರಿಸುತ್ತವೆ. ಆ ನಡೆಗೆ ಮೀಟನ್ನು ಹೊಂದಿಸಿ. ಧಾಟಿಗೆ ಮಾತು ಹುಡುಕುವುದನ್ನು ಬಿಟ್ಟು ಮಾತಿಗೆ ಧಾಟಿ ಹುಡುಕುವುದನ್ನು ಕಲಿತರೆ, ಕಿಟ್ಟೆಲ್ ಅವರೂ ಶ್ರೀಯವರೂ ತೆರೆದ ದಾರಿ ನಿಮ್ಮ ಕಾಲಿಗೂ ಸಿಕ್ಕುತ್ತದೆ. ಪಿಟೀಲು ನಮ್ಮದಾಗಲು ಒಂದೆರಡು ತಲೆಮಾರು ಹಿಡಿಯಿತು. ಗಿಟಾರಿಗೂ ಅಷ್ಟು ಕಾಲ ಹಿಡಿಯಲಿ. ಅದು ಕನ್ನಡದ ಮಾತಿಗೆ ಕಿವಿಗೊಟ್ಟು ನುಡಿಯುತ್ತಿದೆಯೆಂಬ ಭರವಸೆ ಇದ್ದರೆ ಕಾಯುವುದು ಕಷ್ಟವಲ್ಲ.